ನಡಾವಳಿಯಲ್ಲಿ ಇಲ್ಲದ ಮೂವತ್ತಾರು ಲಕ್ಷ: ತೊಗರಿ ರೈತರ ಕಂಪನಿಯೊಂದರ ಪ್ರಕರಣ

ಕಂಪನಿ ಕಾರ್ಯದರ್ಶಿಯ ಕೆಲಸವನ್ನು ವಿವರಿಸುವ ಪಠ್ಯಗಳು ಸಾಮಾನ್ಯವಾಗಿ ಷೇರುಪೇಟೆಯ ದೊಡ್ಡ ಕಂಪನಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತವೆ. ಕಲಬುರಗಿಯಲ್ಲಿ ಕುಳಿತು ಓದುವವರಿಗೆ ಅದು ಪರಊರಿನ ಸಮಾಚಾರ. ನಮ್ಮ ಕಡೆ ಈ ಹುದ್ದೆಯ ಪರೀಕ್ಷೆ ನಡೆಯುವುದು ತೊಗರಿ ಗೋದಾಮಿಗೆ ತಾಗಿದ ಎರಡು ಕೋಣೆಯ ಕಚೇರಿಯಲ್ಲಿ, ರೈತ ಉತ್ಪಾದಕರ ಕಂಪನಿಗಳಲ್ಲಿ. ಹಾಗಾಗಿ ಈ ಪ್ರಕರಣವನ್ನು ಅಂಥದೊಂದು ಕಂಪನಿಯ ಸುತ್ತ ಕಟ್ಟಿದ್ದೇನೆ. ಇದು ಅಭ್ಯಾಸಕ್ಕೆಂದು ಹೆಣೆದದ್ದು. ಇಲ್ಲಿ ಬರುವ ಕಂಪನಿ, ವ್ಯಕ್ತಿಗಳು, ಅವರ ಲೆಕ್ಕದ ಅಂಕಿಗಳು ಇಂಥವರದೇ ಎಂದು ಯಾರೂ ಹುಡುಕಬೇಕಿಲ್ಲ. ಕಾನೂನಿನ ಕಲಂಗಳು, ದಂಡದ ಮೊತ್ತ, ಬೆಂಬಲ ಬೆಲೆ ಮಾತ್ರ ಇದ್ದದ್ದು ಇದ್ದಂತೆ.

ಕಂಪನಿ ಮತ್ತು ಹೊಸ ಕಾರ್ಯದರ್ಶಿ

ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನೋಂದಾಯಿತ ಕಚೇರಿ. ಸದಸ್ಯರು 1,128, ಎಲ್ಲರೂ ತೊಗರಿ ಬೆಳೆಗಾರರು. ನಿರ್ದೇಶಕರು ಒಂಬತ್ತು ಮಂದಿ. ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಕೇಂದ್ರ ಸರ್ಕಾರ 2020ರ ಫೆಬ್ರವರಿಯಲ್ಲಿ ಆರಂಭಿಸಿತಲ್ಲ, ಅದರ ಅಡಿಯಲ್ಲಿ ಹುಟ್ಟಿದ ಕಂಪನಿ ಇದು. ಆ ಯೋಜನೆಯಲ್ಲಿ ಮೂರು ವರ್ಷಕ್ಕೆ ಗರಿಷ್ಠ 18 ಲಕ್ಷ ರೂಪಾಯಿ ನಿರ್ವಹಣಾ ನೆರವು, ಸದಸ್ಯರ ಷೇರು ಹಣಕ್ಕೆ ಸಮನಾಗಿ ಗರಿಷ್ಠ 15 ಲಕ್ಷ ರೂಪಾಯಿ ಅನುದಾನ ಸಿಗುತ್ತದೆ. ಎರಡೂ ಮುಗಿದ ಮೇಲೆ ಕಂಪನಿ ತನ್ನ ದುಡಿಮೆಯಲ್ಲೇ ಬದುಕಬೇಕಾಗಿತ್ತು, ಬದುಕುತ್ತಲೂ ಇತ್ತು. ಸದಸ್ಯರಿಂದ ತೊಗರಿ ಕೊಂಡು, ಕಸಕಡ್ಡಿ ತೆಗೆದು, ಕಲಬುರಗಿಯ ನೆಹರು ಗಂಜಿನ ವ್ಯಾಪಾರಿಗಳಿಗೂ ಬೇಳೆ ಮಿಲ್ಲುಗಳಿಗೂ ಮಾರುವುದು ಮುಖ್ಯ ವ್ಯವಹಾರ. 'ಗುಲ್ಬರ್ಗಾ ತೊಗರಿ ಬೇಳೆ'ಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ ಮೇಲೆ ತಾವೇ ಬೇಳೆ ಮಾಡಿ ಪೊಟ್ಟಣ ಕಟ್ಟಿ ಮಾರುವ ಆಸೆಯೂ ಮಂಡಳಿಗೆ ಇತ್ತು.

ಇಂಥ ಕಂಪನಿಗೆ ಕಾರ್ಯದರ್ಶಿ ಏಕೆ ಬೇಕು? ಉತ್ಪಾದಕರ ಕಂಪನಿ ಎಂಬ ರೂಪ ಬಂದದ್ದು ಅರ್ಥಶಾಸ್ತ್ರಜ್ಞ ವೈ.ಕೆ. ಅಲಘ್ ಅವರ ಸಮಿತಿಯ ಶಿಫಾರಸಿನ ಮೇಲೆ, 2002ರ ತಿದ್ದುಪಡಿಯಿಂದ. ಸಹಕಾರಿ ಸಂಘದ ಆತ್ಮ, ಕಂಪನಿಯ ಶರೀರ ಎಂಬುದು ಅದರ ಹಿಂದಿನ ಆಲೋಚನೆ. 2020ರ ತಿದ್ದುಪಡಿಯ ನಂತರ ಆ ನಿಯಮಗಳೆಲ್ಲ ಕಂಪನಿ ಕಾಯ್ದೆ 2013ರ 21ಎ ಅಧ್ಯಾಯದಲ್ಲಿ ಇವೆ. ಅಲ್ಲಿನ ಕಲಂ 378ಎಕ್ಸ್ ಪ್ರಕಾರ, ಸತತ ಮೂರು ಹಣಕಾಸು ವರ್ಷ ಸರಾಸರಿ ವಹಿವಾಟು 5 ಕೋಟಿ ರೂಪಾಯಿ ದಾಟಿದ ಉತ್ಪಾದಕರ ಕಂಪನಿ ಪೂರ್ಣಾವಧಿ ಕಾರ್ಯದರ್ಶಿಯನ್ನು ನೇಮಿಸಲೇಬೇಕು. ಆ ವ್ಯಕ್ತಿ ಭಾರತೀಯ ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯ ಸದಸ್ಯರಾಗಿರಬೇಕು. ಐದು ಕೋಟಿ ಎಂದರೆ ದೊಡ್ಡ ಮೊತ್ತ ಎನ್ನಿಸಬಹುದು. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ದರದಲ್ಲಿ 6,250 ಕ್ವಿಂಟಲ್ ಮಾರಿದರೆ ಐದು ಕೋಟಿ. 1,128 ಸದಸ್ಯರು ತಲಾ ಆರು ಕ್ವಿಂಟಲ್ ತಂದು ಹಾಕಿದರೆ ಸಾಕು, ಗಡಿ ದಾಟಿತು. ನಮ್ಮ ಜಿಲ್ಲೆಯಲ್ಲಿ ಆರು ಕ್ವಿಂಟಲ್ ತೊಗರಿ ಎಂದರೆ ಸಣ್ಣ ಹಿಡುವಳಿಯವನ ರಾಶಿ.

ಲೆಕ್ಕಪರಿಶೋಧಕರು ಎರಡು ಸಲ ಎಚ್ಚರಿಸಿದ ಮೇಲೆ ಮಂಡಳಿ ನೇಮಕಕ್ಕೆ ಒಪ್ಪಿತು. ಬಂದವರು ಕಲಬುರಗಿಯವರೇ ಆದ ಯುವತಿ. ಹೈದರಾಬಾದಿನಲ್ಲಿ ತರಬೇತಿ ಮುಗಿಸಿ, ತಾಯಿಯ ಅನಾರೋಗ್ಯದ ಕಾರಣ ಊರಿಗೆ ಮರಳಿದ್ದರು. ಇಲ್ಲವಾದರೆ ಆ ಸಂಬಳಕ್ಕೆ ಯಾರೂ ಬರುತ್ತಿರಲಿಲ್ಲ. ಮಾರ್ಚ್ ಮೊದಲ ವಾರ ಕೆಲಸಕ್ಕೆ ಸೇರಿದಾಗ ಅವರಿಗೆ ಮೊದಲು ಕೊಟ್ಟದ್ದು ಗೊಬ್ಬರದ ದಾಸ್ತಾನಿನ ಪುಸ್ತಕ. ಊರಿನ ಪ್ರಾಥಮಿಕ ಪತ್ತಿನ ಸಂಘದಲ್ಲಿ ಕಾರ್ಯದರ್ಶಿಯಾದವನು ಗಲ್ಲೆ, ಗೊಬ್ಬರ, ಸಾಲದ ವಸೂಲಿ ಎಲ್ಲವನ್ನೂ ನೋಡುತ್ತಾನೆ. ನಿರ್ದೇಶಕರು ಕಂಡದ್ದು ಅದನ್ನೇ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆಕೆ ಗೊಬ್ಬರದ ಪುಸ್ತಕವನ್ನು ಗೋದಾಮಿನವರಿಗೆ ಹಿಂದಿರುಗಿಸಿ ನಡಾವಳಿ ಪುಸ್ತಕ ಕೇಳಿದರು.

ನಡಾವಳಿ ಪುಸ್ತಕದಲ್ಲಿ ಕಂಡದ್ದು

ಹಸಿರು ರಟ್ಟಿನ, ಉದ್ದನೆಯ ರಿಜಿಸ್ಟರು. ಪುಟಸಂಖ್ಯೆ ಹಾಕಿರಲಿಲ್ಲ. ಪ್ರತಿ ಸಭೆಯ ನಡಾವಳಿಯನ್ನು ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿ ಅಂಟಿಸಲಾಗಿತ್ತು; ಅಂಟು ಒಣಗಿ ಹಲವು ಹಾಳೆಗಳ ಅಂಚು ಎದ್ದಿತ್ತು. ಪ್ರತಿ ಸಭೆಯ ಕೊನೆಯ ಠರಾವಿನ ಕೆಳಗೆ ಅಂಗೈ ಅಗಲದ ಖಾಲಿ ಜಾಗ ಬಿಟ್ಟು, ಅದರ ಕೆಳಗೆ ಅಧ್ಯಕ್ಷರ ಸಹಿ. ಒಂದೆರಡು ಕಡೆ ಆ ಖಾಲಿ ಜಾಗದಲ್ಲಿ ಬೇರೆ ಶಾಯಿಯ, ಬೇರೆ ಕೈಬರಹದ ಸಾಲುಗಳು ಸೇರಿದ್ದವು. ಆ ಜಾಗವನ್ನು ಏಕೆ ಬಿಡುತ್ತಿದ್ದೀರಿ ಎಂದು ಕೇಳಿದಾಗ ಲೆಕ್ಕಿಗ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ: "ಆಮೇಲೆ ಬ್ಯಾಂಕಿನವರು ಏನಾದರೂ ಕೇಳಿದರೆ ಬರೆಯುವುದಕ್ಕೆ ಬೇಕಾಗುತ್ತದೆ, ಮೇಡಂ."

ಕಾರ್ಯದರ್ಶಿಗಳ ಸಂಸ್ಥೆ ಹೊರಡಿಸಿದ ಮಂಡಳಿ ಸಭೆಗಳ ಮಾನದಂಡ ಇಷ್ಟನ್ನೂ ನೇರವಾಗಿ ತಡೆಯುತ್ತದೆ. ಪುಟಗಳಿಗೆ ಅನುಕ್ರಮ ಸಂಖ್ಯೆ ಇರಬೇಕು, ಹಾಳೆ ಅಂಟಿಸಕೂಡದು, ಖಾಲಿ ಉಳಿದ ಜಾಗವನ್ನು ಹೊಡೆದು ಹಾಕಿ ಅಧ್ಯಕ್ಷರು ಕಿರುಸಹಿ ಮಾಡಬೇಕು. ಮಾನದಂಡವನ್ನು ಪಾಲಿಸುವುದು ಕಾಯ್ದೆಯ ಕಲಂ 118ರ ಪ್ರಕಾರ ಕಡ್ಡಾಯ. ಪಾಲನೆಯಾಗುವಂತೆ ನೋಡುವುದು ಕಲಂ 205ರ ಪ್ರಕಾರ ಕಾರ್ಯದರ್ಶಿಯ ಹೊಣೆ. ಪರೀಕ್ಷೆಗೆ ಓದುವಾಗ ಇವು ಗುಮಾಸ್ತಗಿರಿಯ ನಿಯಮಗಳಂತೆ ಕಾಣುತ್ತವೆ. ಅಂಗೈ ಅಗಲದ ಆ ಖಾಲಿ ಜಾಗ ನೋಡಿದ ಮೇಲೆ ಹಾಗೆ ಅನ್ನಿಸುವುದಿಲ್ಲ.

ಜನವರಿ ಸಭೆಯ ನಡಾವಳಿ ಪುಸ್ತಕದಲ್ಲಿ ಇರಲೇ ಇಲ್ಲ. ಬರೆಯುವವರಿಲ್ಲದೆ ಉಳಿದುಹೋಗಿತ್ತು.

ಮೂವತ್ತಾರು ಲಕ್ಷ

ಮಾರ್ಚ್ ಮಧ್ಯದಲ್ಲಿ ವರ್ಷದ ಲೆಕ್ಕ ಮುಗಿಸುವ ತಯಾರಿಗೆ ಬಂದ ಲೆಕ್ಕಪರಿಶೋಧಕರ ಸಹಾಯಕ ಒಂದು ಪ್ರಶ್ನೆ ಬರೆದಿಟ್ಟು ಹೋದ: ಸದಸ್ಯರ ಮುಂಗಡ ಖಾತೆಯಲ್ಲಿ ಒಬ್ಬರ ಹೆಸರಿಗೆ 36 ಲಕ್ಷ ರೂಪಾಯಿ ಇದೆ, ಇದರ ಠರಾವು ಎಲ್ಲಿ?

ಆ ಸದಸ್ಯ ಅಧ್ಯಕ್ಷರ ಒಡಹುಟ್ಟಿದ ತಮ್ಮ. ಕಲಬುರಗಿಯ ಹೊರವಲಯದಲ್ಲಿ ಅವರ ಮನೆಯವರ ಬೇಳೆ ಮಿಲ್ಲು ಇದೆ. ಜನವರಿ ಕೊನೆಯಲ್ಲಿ, ಹೊಸ ತೊಗರಿ ಗಂಜಿಗೆ ತುಂಬಿ ಬಂದು ದರ ಇಳಿದಿದ್ದಾಗ, ಮಾಲು ಹಿಡಿಯಲು ಅವರಿಗೆ ನಗದು ಬೇಕಾಗಿತ್ತು. ಅಧ್ಯಕ್ಷರು ಮುಖ್ಯ ಕಾರ್ಯನಿರ್ವಾಹಕನಿಗೆ ಫೋನ್ ಮಾಡಿದರು. ಆತ ಕೃಷಿ ಪದವೀಧರ, ಮೂವತ್ತು ದಾಟದ ಹುಡುಗ. ಚೆಕ್ಕಿಗೆ ಇಬ್ಬರ ಸಹಿ ಬೇಕೆಂಬ ನಿಯಮವೇನೋ ಇತ್ತು, ಆದರೆ ಅಧ್ಯಕ್ಷರು ಸಹಿ ಮಾಡಿಟ್ಟ ಐದಾರು ಖಾಲಿ ಚೆಕ್ಕುಗಳು ಮೇಜಿನ ಖಾನೆಯಲ್ಲೇ ಇರುತ್ತಿದ್ದವು. ಹೊಲದಿಂದ ಪದೇ ಪದೇ ಬರುವುದು ಕಷ್ಟವೆಂದು ಮಾಡಿಕೊಂಡ ವ್ಯವಸ್ಥೆ. ಹಣ ಅದೇ ದಿನ ಹೋಯಿತು. ಅಧ್ಯಕ್ಷರ ತಮ್ಮ, ಸದಸ್ಯನೆಂಬ ನೆಲೆಯಲ್ಲಿ, ಒಂದು ಅರ್ಜಿ ಬರೆದುಕೊಟ್ಟಿದ್ದರು. ಭದ್ರತೆ ಎಂದು ಏನೂ ಇರಲಿಲ್ಲ.

ಆ ಹಣ ಬಂದದ್ದು ಎಲ್ಲಿಂದ? ಬ್ಯಾಂಕಿನ ದುಡಿಯುವ ಬಂಡವಾಳದ ಸಾಲದಿಂದ 22 ಲಕ್ಷ. ಉಳಿದ 14 ಲಕ್ಷ ಸದಸ್ಯರದೇ. ಉತ್ಪಾದಕರ ಕಂಪನಿ ಸದಸ್ಯರಿಗೆ ಕೊಡಬೇಕಾದ ಬೆಲೆಯಲ್ಲಿ ಒಂದು ಭಾಗವನ್ನು ತಡೆಹಿಡಿದು ಮುಂದಕ್ಕೆ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಇವರು ಕ್ವಿಂಟಲಿಗೆ 200 ರೂಪಾಯಿಯಂತೆ 7,000 ಕ್ವಿಂಟಲಿಗೆ ತಡೆಹಿಡಿದು, ಯುಗಾದಿಗೆ ಮೊದಲು ಕೊಡುವುದಾಗಿ ಹೇಳಿದ್ದರು. ಆ ದುಡ್ಡು ಮಿಲ್ಲಿನ ಕಣಜದಲ್ಲಿ ತೊಗರಿಯಾಗಿ ಕುಳಿತಿತ್ತು.

ಲೆಕ್ಕಪರಿಶೋಧಕರ ಪ್ರಶ್ನೆ ಕಿವಿಗೆ ಬಿದ್ದ ಮರುದಿನ ಅಧ್ಯಕ್ಷರು ಕಚೇರಿಗೆ ಬಂದರು. ಅರವತ್ತು ದಾಟಿದವರು; ಊರಿನಲ್ಲಿ ಮಾತಿಗೆ ಬೆಲೆಯಿದ್ದವರು; ಕಂಪನಿ ಕಟ್ಟುವಾಗ ಮನೆಮನೆ ತಿರುಗಿ ಷೇರು ಹಣ ಕೂಡಿಸಿದವರು. ಕಳ್ಳತನದ ಬುದ್ಧಿಯ ಮನುಷ್ಯನಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಪ್ರಕರಣ ಬಿಗಿಯಾಗುವುದು ಅದರಿಂದಲೇ.

"ಜನವರಿ ಸಭೆಯ ನಡಾವಳಿ ಇನ್ನೂ ಬರೆದಿಲ್ಲವಂತಲ್ಲ, ತಂಗಿ. ಅದರಲ್ಲಿ ಈ ಮುಂಗಡದ ಎರಡು ಸಾಲು ಸೇರಿಸಿಬಿಡು. ಎಲ್ಲರಿಗೂ ಗೊತ್ತಿದ್ದ ವಿಷಯವೇ."

"ಸಭೆಯಲ್ಲಿ ಚರ್ಚೆಯಾಗಿತ್ತೇ, ಗೌಡರೇ?"

"ಸಭೆ ಮುಗಿದು ಊಟ ಮಾಡುವಾಗ ಮಾತಾಗಿತ್ತು."

ಆಕೆ ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ. ಎರಡು ದಿನದ ಸಮಯ ಕೇಳಿದರು. ಈ ಎರಡು ದಿನದಲ್ಲಿ ಮಾಡಿದ ಕೆಲಸವೇ ಪ್ರಕರಣದ ತಿರುಳು.

ಎರಡು ಸಾಲಿನ ಬೆಲೆ

ಮೊದಲು ಅವರು ದಂಡದ ಲೆಕ್ಕ ಹಾಕಿದರು. ಸಭೆ ಮುಗಿದ 30 ದಿನಗಳೊಳಗೆ ನಡಾವಳಿಯನ್ನು ಪುಸ್ತಕಕ್ಕೆ ಏರಿಸಬೇಕು. ಅದು ಆಗಲೇ ತಪ್ಪಿತ್ತು. ಆ ಲೋಪಕ್ಕೆ ಕಲಂ 118ರಲ್ಲಿ ಕಂಪನಿಗೆ 25,000 ರೂಪಾಯಿ, ತಪ್ಪಿತಸ್ಥ ಅಧಿಕಾರಿ ಪ್ರತಿಯೊಬ್ಬರಿಗೂ 5,000 ರೂಪಾಯಿ ದಂಡ. ಅದೇ ಕಲಮಿನ ಮುಂದಿನ ಉಪಕಲಂ ನಡಾವಳಿಯನ್ನು ತಿದ್ದಿದವರ ಬಗ್ಗೆ: ಎರಡು ವರ್ಷದವರೆಗೆ ಜೈಲು, ಜೊತೆಗೆ 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ. ತಡವಾದದ್ದನ್ನು ಒಪ್ಪಿಕೊಂಡರೆ ಸಾವಿರಗಳಲ್ಲಿ ಮುಗಿಯುತ್ತದೆ. ಮುಚ್ಚಲು ಹೋದರೆ ಜೈಲಿನ ಬಾಗಿಲು. ಹಳ್ಳಿಯ ನಿರ್ದೇಶಕರಿಗೆ ಕಾನೂನಿನ ಮೇಲಿನ ಭಕ್ತಿಯನ್ನು ಬೋಧಿಸುವುದಕ್ಕಿಂತ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡುವುದು ಮೇಲು ಎಂದು ಆಕೆಗೆ ಹೊಳೆದದ್ದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಎರಡನೆಯದಾಗಿ, ಜನವರಿ ಸಭೆಯಲ್ಲಿ ನಿಜಕ್ಕೂ ಏನು ನಡೆಯಿತು ಎಂಬುದಕ್ಕೆ ಪುರಾವೆ ಹುಡುಕಿದರು. ಮುಖ್ಯ ಕಾರ್ಯನಿರ್ವಾಹಕನ ಸ್ವಂತ ನೋಟುಪುಸ್ತಕ ಸಿಕ್ಕಿತು. ಹಾಜರಿದ್ದವರ ಹೆಸರು, ಐದು ವಿಷಯ: ಖರೀದಿ ದರ, ಚೀಲದ ಟೆಂಡರು, ಗೋದಾಮಿನ ಬಾಡಿಗೆ, ತೂಕದ ಯಂತ್ರದ ದುರಸ್ತಿ, ತಡೆಹಿಡಿದ ಬೆಲೆ. ಮುಂಗಡದ ಸುಳಿವೇ ಇಲ್ಲ. ಆ ಐದನ್ನೇ ಬರೆದು ನಡಾವಳಿಯ ಕರಡು ಮಾಡಿ, ಕೆಳಗೆ ಪುಸ್ತಕಕ್ಕೆ ಏರಿಸಿದ ನಿಜವಾದ ದಿನಾಂಕ ಹಾಕಿದರು. ಪುಟಗಳಿಗೆ ಸಂಖ್ಯೆ ಕೊಟ್ಟರು. ಹಳೆಯ ಖಾಲಿ ಜಾಗಗಳನ್ನೆಲ್ಲ ಅಡ್ಡಗೆರೆ ಎಳೆದು ಮುಚ್ಚಿ, ಪ್ರತಿಯೊಂದರ ಪಕ್ಕ ಅಧ್ಯಕ್ಷರ ಕಿರುಸಹಿಗೆ ಪೆನ್ಸಿಲಿನಿಂದ ಗುರುತು ಮಾಡಿಟ್ಟರು.

ಮೂರನೆಯದು ಕಾನೂನಿನ ಓದು. ಇಲ್ಲಿ ತುಸು ನಿಧಾನಿಸಬೇಕು, ಏಕೆಂದರೆ ಅಧ್ಯಕ್ಷರ ಬಳಿ ಮೂರು ವಾದಗಳಿದ್ದವು. ಮೂರೂ ತೆಗೆದು ಬಿಸಾಡುವಂಥವಲ್ಲ.

ಮಂಡಳಿಗೆ ಸದಸ್ಯರಿಗೆ ಮುಂಗಡ ಕೊಡುವ ಅಧಿಕಾರವಿದೆಯಲ್ಲ ಎಂಬುದು ಮೊದಲನೆಯದು. ಇದೆ. ಆದರೆ ಕಲಂ 378ಆರ್ ಆ ಅಧಿಕಾರ ಕೊಡುವಾಗಲೇ ನಿರ್ದೇಶಕನನ್ನೂ ಅವನ ಸಂಬಂಧಿಕನನ್ನೂ ಹೊರಗಿಡುತ್ತದೆ. ಅವರಿಗೆ ಸಾಲವಾಗಲಿ ಮುಂಗಡವಾಗಲಿ ಕೊಡುವುದಾದರೆ ಸದಸ್ಯರ ಮಹಾಸಭೆಯ ಒಪ್ಪಿಗೆ ಪಡೆದ ನಂತರವೇ ಕೊಡಬೇಕು ಎನ್ನುತ್ತದೆ ಕಲಂ 378ಝಡ್‌ಕೆ. ಹಾಗಾಗಿ ಜನವರಿ ನಡಾವಳಿಯಲ್ಲಿ ಎರಡು ಸಾಲು ಸೇರಿಸಿದ್ದರೂ ಪ್ರಯೋಜನವಿರಲಿಲ್ಲ. ಮಂಡಳಿಗೆ ಇಲ್ಲದ ಅಧಿಕಾರವನ್ನು ಮಂಡಳಿ ಚಲಾಯಿಸಿತು ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತಿತ್ತು. ತಿದ್ದುವ ಆಸೆಯಿದ್ದವರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಬೇರೆ ಇಲ್ಲ.

ಎರಡನೆಯ ವಾದ ಜಾಣತನದ್ದು. ಮಿಲ್ಲು ಇರುವುದು ತಮ್ಮನ ಹೆಂಡತಿಯ ಹೆಸರಿನಲ್ಲಿ. ಕಾಯ್ದೆಯ ಸಂಬಂಧಿಕರ ಪಟ್ಟಿಯಲ್ಲಿ ಗಂಡ ಹೆಂಡತಿ, ತಂದೆ ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು ಬರುತ್ತಾರೆ. ತಮ್ಮನ ಹೆಂಡತಿ ಇಲ್ಲ. ಅಣ್ಣತಮ್ಮಂದಿರ ನಡುವೆ ಆಸ್ತಿ ಪಾಲಾಗಿ ವರ್ಷಗಳೇ ಕಳೆದಿವೆ, ಅವಿಭಕ್ತ ಕುಟುಂಬವೂ ಉಳಿದಿಲ್ಲ. ಹಾಗಾದರೆ ಹಣ ಹೋದದ್ದು ಸಂಬಂಧಿಕರಿಗೆ ಅಲ್ಲವಲ್ಲ? ಆಕೆಯ ಉತ್ತರ: ಅರ್ಜಿ ಬರೆದವರು ತಮ್ಮ, ಖಾತೆಯಲ್ಲಿ ಹೆಸರಿರುವುದು ತಮ್ಮನದು, ಅವರು ಪಟ್ಟಿಯಲ್ಲಿದ್ದಾರೆ. ಇಲ್ಲ, ಕೊಟ್ಟದ್ದು ಹೆಂಡತಿಗೆ ಎನ್ನುವುದಾದರೆ ಅವರು ಕಂಪನಿಯ ಸದಸ್ಯೆಯೇ ಅಲ್ಲ; 378ಝಡ್‌ಕೆ ಅಡಿಯ ನೆರವು ಸದಸ್ಯರಿಗೆ ಮಾತ್ರ. ಯಾವ ಕಡೆ ಹೊರಳಿದರೂ ದಾರಿ ಮುಚ್ಚಿದೆ.

ಮೂರನೆಯ ವಾದ, ಇದು ಸಾಲವೇ ಅಲ್ಲ, ಮಿಲ್ಲಿಗೆ ಉದ್ದರಿಯಲ್ಲಿ ಮಾಲು ಕೊಟ್ಟದ್ದು ಎಂಬುದು. ಹಾಗಿದ್ದರೆ ತೂಕದ ಚೀಟಿ, ಬಿಲ್ಲು, ಲಾರಿಯ ಬಾಡಿಗೆ ರಸೀದಿ ಇರಬೇಕಾಗಿತ್ತು. ಗೋದಾಮಿನ ಪುಸ್ತಕದಲ್ಲಿ ಆ ದಿನ ಒಂದು ಚೀಲವೂ ಹೊರಗೆ ಹೋಗಿರಲಿಲ್ಲ.

ಕೊನೆಯದಾಗಿ ಕಲಂ 378ಟಿ. ಈ ಅಧ್ಯಾಯಕ್ಕೆ ವಿರುದ್ಧವಾದ ಯಾವುದಕ್ಕಾದರೂ ಮತ ಹಾಕಿದ ಅಥವಾ ಬೇರೆ ರೀತಿಯಲ್ಲಿ ಒಪ್ಪಿಗೆ ಕೊಟ್ಟ ನಿರ್ದೇಶಕರು ಕಂಪನಿಗೆ ಆದ ನಷ್ಟವನ್ನು ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ತುಂಬಿಕೊಡಬೇಕು. ಎಂದರೆ ನಾಲ್ಕೆಕರೆಯ ನಿರ್ದೇಶಕನೊಬ್ಬ ಇಡೀ 36 ಲಕ್ಷಕ್ಕೆ ಹೊಣೆಯಾಗಬಹುದು. ಊಟದ ಹೊತ್ತಿನಲ್ಲಿ ತಲೆಯಾಡಿಸಿದವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತು?

ಒಂದು ಪುಟದ ಟಿಪ್ಪಣಿ

ಮೂರನೆಯ ದಿನ ಆಕೆ ಅಧ್ಯಕ್ಷರ ಮನೆಗೆ ಹೋದರು. ಕಚೇರಿಗೆ ಕರೆಸದೆ ಮನೆಗೇ ಹೋದದ್ದು, ಹಜಾರದಲ್ಲಿ ಬೇರೆಯವರು ಇಲ್ಲದ ಹೊತ್ತು ನೋಡಿ ಮಾತಾಡಿದ್ದು ಚಿಕ್ಕ ವಿಷಯವಲ್ಲ. ಎರಡು ಸಾಲು ಏಕೆ ಬರೆಯಲಾಗದು ಎಂಬುದನ್ನು ದಂಡದ ಅಂಕಿಗಳೊಂದಿಗೆ ಹೇಳಿ, ಕೈಗೆ ಒಂದು ಪುಟದ ಟಿಪ್ಪಣಿ ಕೊಟ್ಟರು. ಕಲಂ 205ರ ಪ್ರಕಾರ ಕಾನೂನು ಪಾಲನೆಯ ಬಗ್ಗೆ ಮಂಡಳಿಗೆ ವರದಿ ಮಾಡುವುದು ಕಾರ್ಯದರ್ಶಿಯ ಮೊದಲ ಕರ್ತವ್ಯ. ಆ ವರದಿಯೇ ಈ ಟಿಪ್ಪಣಿ, ಏಳು ದಿನ ಮುಂಚಿತ ನೋಟಿಸಿನೊಂದಿಗೆ ಒಂಬತ್ತೂ ನಿರ್ದೇಶಕರಿಗೆ ಹೋಗುತ್ತದೆ ಎಂದೂ ತಿಳಿಸಿದರು.

"ನನಗೆ ಮೊದಲು ತೋರಿಸಿದೆ, ಅಷ್ಟು ಸಾಕು. ಅವರಿಗೆಲ್ಲ ಏಕೆ?" ಎಂದರು ಅಧ್ಯಕ್ಷರು.

"ನಾಳೆ ನಷ್ಟ ತುಂಬಿಕೊಡಬೇಕಾದವರು ಅವರೂ ಹೌದು, ಗೌಡರೇ."

ಟಿಪ್ಪಣಿ ಕನ್ನಡದಲ್ಲಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಅಲ್ಲಿಯವರೆಗೆ ಮಂಡಳಿಯ ಕಾಗದಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತಿದ್ದವು. ಒಂಬತ್ತರಲ್ಲಿ ಆರು ಮಂದಿ ಓದದೆಯೇ ಸಹಿ ಹಾಕುತ್ತಿದ್ದರು. ನಡಾವಳಿ ಸ್ಪಷ್ಟವಾದ, ಸರಳ ಭಾಷೆಯಲ್ಲಿರಬೇಕು ಎನ್ನುತ್ತದೆ ಮಾನದಂಡ. ಓದುವವನಿಗೆ ಬಾರದ ಭಾಷೆ ಎಷ್ಟು ಸರಳವಾಗಿದ್ದರೂ ಏನು ಬಂತು? ಏನು ನಡೆಯಿತು, ಕಾನೂನು ಏನು ಹೇಳುತ್ತದೆ, ಮಂಡಳಿಯ ಮುಂದೆ ಇರುವ ದಾರಿಗಳೇನು ಎಂಬುದಿಷ್ಟೇ ಅದರಲ್ಲಿತ್ತು. ಅಧ್ಯಕ್ಷರು ತಪ್ಪು ಮಾಡಿದರು ಎಂಬ ಮಾತು ಎಲ್ಲಿಯೂ ಇರಲಿಲ್ಲ. 36 ಲಕ್ಷಕ್ಕೆ ಶೇಕಡಾ 11ರ ಬ್ಯಾಂಕ್ ಬಡ್ಡಿಯಂತೆ ನಾಲ್ಕು ತಿಂಗಳಿಗೆ 1,32,000 ರೂಪಾಯಿ ಎಂಬ ಲೆಕ್ಕ ಇತ್ತು.

ಮಂಡಳಿಯ ಸಭೆ

ಸಭೆ ಮಾರ್ಚ್ ಕೊನೆಯ ವಾರ ನಡೆಯಿತು. ಕಾರ್ಯಸೂಚಿಯಲ್ಲಿ ಮುಂಗಡದ ವಿಷಯ ತನ್ನದೇ ಸಂಖ್ಯೆಯೊಂದಿಗೆ, ಮೊತ್ತ ಸಮೇತ, ಎರಡನೆಯದಾಗಿ ಇತ್ತು. 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು' ಎಂಬ ಹಳೆಯ ಚೀಲಕ್ಕೆ ಅದನ್ನು ತುಂಬಿರಲಿಲ್ಲ. ಅಧ್ಯಕ್ಷರು ತಮ್ಮ ಆಸಕ್ತಿಯನ್ನು ಪ್ರಕಟಿಸಿ, ಕಾರ್ಯದರ್ಶಿಯ ಸಲಹೆಯಂತೆ ಆ ವಿಷಯದ ಮಟ್ಟಿಗೆ ಹಿರಿಯ ನಿರ್ದೇಶಕರೊಬ್ಬರಿಗೆ ಕುರ್ಚಿ ಬಿಟ್ಟುಕೊಟ್ಟರು. ಹೊರಗೆ ಹೋಗಲಿಲ್ಲ, ಗೋಡೆಯ ಬದಿಗೆ ಸರಿದು ಕುಳಿತರು.

ಮೊದಲ ಅರ್ಧ ಗಂಟೆ ಎಲ್ಲ ಬಾಣಗಳೂ ಮುಖ್ಯ ಕಾರ್ಯನಿರ್ವಾಹಕನ ಕಡೆಗೆ. ಚೆಕ್ ಬರೆದವನು ಅವನು, ಅವನನ್ನು ತೆಗೆದುಹಾಕಿ, ಮಂಡಳಿಗೆ ಗೊತ್ತಿರಲಿಲ್ಲವೆಂದು ಬರೆಯಿರಿ ಎಂದು ಇಬ್ಬರು ಹಟ ಹಿಡಿದರು. ಹುಡುಗ ತಲೆ ಎತ್ತಲಿಲ್ಲ. ಇಂಥ ಕಂಪನಿಗಳಲ್ಲಿ ತಪ್ಪು ಯಾವಾಗಲೂ ಹೀಗೆಯೇ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಸಂಬಳಕ್ಕಿರುವವನ ಮೇಲೆ ನಿಲ್ಲುತ್ತದೆ. ಆಗ ಮಂಡಳಿಯ ಏಕೈಕ ಮಹಿಳಾ ನಿರ್ದೇಶಕಿ, ಎರಡು ಎಕರೆಯ ವಿಧವೆ, ಟಿಪ್ಪಣಿಯನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದರು. ಸಭೆಗಳಲ್ಲಿ ಅವರು ಮಾತಾಡಿದ್ದೇ ಅಪರೂಪ.

"ಗೌಡರೇ, ಈ ಹುಡುಗನಿಗೆ ನೀವು ಫೋನ್ ಮಾಡಿದ್ದು ಹೌದೋ ಅಲ್ಲವೋ?"

ತುಸು ಹೊತ್ತಿನ ಮೇಲೆ ಉತ್ತರ ಬಂತು. "ಹೌದವ್ವಾ, ಮಾಡಿದ್ದೆ."

"ಹಾಗಾದರೆ ಅದನ್ನೇ ಬರೆಯಲಿ. ಯುಗಾದಿಗೆ ನಮ್ಮ ದುಡ್ಡು ಬರಲಿಲ್ಲವಲ್ಲ, ಅದನ್ನೂ ಬರೆಯಲಿ."

ಕಾರ್ಯದರ್ಶಿ ಬರೆದುಕೊಂಡರು. ಆ ಪ್ರಶ್ನೆ ಕೇಳುವುದು ಅವರ ಕೆಲಸವಾಗಿರಲಿಲ್ಲ, ಮಂಡಳಿಯಲ್ಲಿ ಅವರಿಗೆ ಮತವೂ ಇಲ್ಲ. ಪ್ರಶ್ನೆ ಕೇಳಬಲ್ಲವರ ಕೈಗೆ, ಅವರು ಓದಬಲ್ಲ ಭಾಷೆಯಲ್ಲಿ, ಏಳು ದಿನ ಮುಂಚೆ ಕಾಗದ ತಲುಪಿಸಿದ್ದು ಅವರ ಕೆಲಸ. ಕಾರ್ಪೊರೇಟ್ ಆಡಳಿತದಲ್ಲಿ ಕಾರ್ಯದರ್ಶಿಯ ಪಾತ್ರವೇನು ಎಂದು ಯಾರಾದರೂ ಕೇಳಿದರೆ ನಾನು ಈ ಅರ್ಧ ಗಂಟೆಯನ್ನೇ ತೋರಿಸುತ್ತೇನೆ.

ಠರಾವುಗಳು ಬೇಗ ಆದವು. ಮುಂಗಡವನ್ನು ಬ್ಯಾಂಕ್ ಬಡ್ಡಿಯೊಂದಿಗೆ ಮರಳಿ ವಸೂಲು ಮಾಡುವುದು; ಮೊದಲ ಕಂತು ತಡೆಹಿಡಿದ ಬೆಲೆಗೆ; ಸಹಿ ಮಾಡಿಟ್ಟ ಚೆಕ್ಕುಗಳನ್ನು ಆ ದಿನವೇ ರದ್ದುಪಡಿಸುವುದು; ಐದು ಲಕ್ಷ ರೂಪಾಯಿಗಿಂತ ಹೆಚ್ಚಿನ ಯಾವ ಪಾವತಿಗೂ ಲಿಖಿತ ಆದೇಶ. ಇಬ್ಬರು ನಿರ್ದೇಶಕರು ಬಡ್ಡಿ ಬೇಡವೆಂದು ಭಿನ್ನಾಭಿಪ್ರಾಯ ದಾಖಲಿಸಿದರು. ಅವರ ಹೆಸರು ಸಮೇತ ನಡಾವಳಿಗೆ ಹೋಯಿತು. ಹದಿನೈದು ದಿನಗಳೊಳಗೆ ಕರಡು ಎಲ್ಲರಿಗೂ ತಲುಪಿತು, ಕನ್ನಡ ಪ್ರತಿಯ ಜೊತೆ.

282 ಮಂದಿ

ಅಧ್ಯಕ್ಷರಿಗೆ ಇನ್ನೂ ಒಂದು ಆಸೆ ಉಳಿದಿತ್ತು: ಮಹಾಸಭೆ ಕರೆದು ಆದದ್ದಕ್ಕೆ ಒಪ್ಪಿಗೆ ಪಡೆದುಬಿಡುವುದು. ಸದಸ್ಯರಲ್ಲಿ ಅವರ ಮೇಲಿನ ಗೌರವಕ್ಕೆ ಅದು ಸಿಕ್ಕೂ ಬಿಡುತ್ತಿತ್ತು. ಕಲಂ ಹೇಳುವುದು ಮೊದಲು ಒಪ್ಪಿಗೆ, ನಂತರ ಹಣ. ಹಣ ಹೋದ ಮೇಲಿನ ಒಪ್ಪಿಗೆಯಿಂದ ಅದು ಸರಿಯಾಗುವುದಿಲ್ಲ ಎಂದು ಆಕೆ ತಡೆದರು. ಸಭೆ ಬೇಕು, ಆದರೆ ಕಾರ್ಯಸೂಚಿ ಬೇರೆ: ನಡೆದದ್ದನ್ನು ಸದಸ್ಯರಿಗೆ ತಿಳಿಸುವುದು, ಮತ್ತು ನಿರ್ದೇಶಕರಿಗೆ ಸಾಲ ಕೊಡುವುದಾದರೆ ಅದರ ಷರತ್ತು, ಮಿತಿಗಳನ್ನು ಗೊತ್ತುಪಡಿಸುವುದು. ಎರಡನೆಯದು ಕಲಂ 378ಎಸ್ ಪ್ರಕಾರ ಮಹಾಸಭೆಯದೇ ಅಧಿಕಾರ.

ಕೋರಂ ದೊಡ್ಡ ತೊಡಕು. ಉತ್ಪಾದಕರ ಕಂಪನಿಯ ಮಹಾಸಭೆಗೆ ಒಟ್ಟು ಸದಸ್ಯರಲ್ಲಿ ನಾಲ್ಕನೆಯ ಒಂದು ಭಾಗ ಹಾಜರಿರಬೇಕು. ಇಲ್ಲಿ 282 ಮಂದಿ. ಸಾಧಾರಣ ಖಾಸಗಿ ಕಂಪನಿಗೆ ಇಬ್ಬರು ಸದಸ್ಯರು ಸಾಕು ಎನ್ನುವ ಕಾಯ್ದೆ ರೈತರಿಗೆ ಮಾತ್ರ ಇಷ್ಟು ಬಿಗಿ ಏಕೆ ಎಂದು ಗೊಣಗುವವರಿದ್ದಾರೆ. ನಾನು ಗೊಣಗುವುದಿಲ್ಲ, ಒಬ್ಬ ಸದಸ್ಯನಿಗೆ ಒಂದೇ ಮತ ಇರುವ ಕಡೆ ತಲೆಗಳೇ ಬಂಡವಾಳ. ಹಿಂದಿನ ವರ್ಷದ ಹಾಜರಿ ಪುಸ್ತಕದಲ್ಲಿ 300ಕ್ಕೂ ಮಿಕ್ಕಿ ಸಹಿಗಳಿದ್ದವು. ಸಭೆ ಮುಗಿದ ವಾರವಿಡೀ ಪುಸ್ತಕ ಬೈಕಿನಲ್ಲಿ ಊರೂರು ಸುತ್ತಿ ತುಂಬಿಸಿಕೊಂಡು ಬಂದ ಸಹಿಗಳು. ಒಂದು ಪುಟದ ಹೆಬ್ಬೆಟ್ಟುಗಳೆಲ್ಲ ಒಂದೇ ಬೆರಳಿನವು ಎಂಬುದು ಬರಿಗಣ್ಣಿಗೇ ಕಾಣುತ್ತಿತ್ತು.

ಈ ಸಲ ಹದಿನಾಲ್ಕು ದಿನದ ನೋಟಿಸು ಅಂಚೆಯಲ್ಲಿ ಹೋಯಿತು, ಹಳ್ಳಿಗಳಿಗೆ ಧ್ವನಿವರ್ಧಕದ ಆಟೋ ಹೋಯಿತು. ಮೇ ತಿಂಗಳ ಮೊದಲ ವಾರ. ಕಲಬುರಗಿಯ ಬಿಸಿಲು ನಲವತ್ತು ಡಿಗ್ರಿ ದಾಟುವ ಕಾಲ, ಹನ್ನೊಂದಕ್ಕೆ ಸಭೆ ಕರೆದರೆ ಯಾರೂ ಬರುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕರೆದರು. ತಡೆಹಿಡಿದ ಬೆಲೆಯನ್ನು ಸಭೆಯ ದಿನವೇ ವಿತರಿಸೋಣ, ಜನ ತಾವಾಗಿಯೇ ಬರುತ್ತಾರೆ ಎಂದು ಒಬ್ಬ ನಿರ್ದೇಶಕರು ಉಪಾಯ ಹೇಳಿದರು. ಆಕೆ ಒಪ್ಪಲಿಲ್ಲ, ಮೊದಲ ಕಂತು 15 ಲಕ್ಷ ಏಪ್ರಿಲ್‌ನಲ್ಲೇ ಬಂದಿತ್ತು, ಸದಸ್ಯರ 14 ಲಕ್ಷ ಆಗಲೇ ಅವರ ಖಾತೆಗಳಿಗೆ ಹೋಗಬೇಕು, ಕೋರಮಿನ ಆಮಿಷಕ್ಕೆ ಕಾಯಿಸಕೂಡದು ಎಂದರು. ಇದರಿಂದ ಕೋರಂ ಕೈತಪ್ಪುವ ಅಪಾಯವಿತ್ತು. ನಾನಾಗಿದ್ದರೆ ಬಹುಶಃ ಆ ನಿರ್ದೇಶಕರ ಮಾತು ಕೇಳುತ್ತಿದ್ದೆ.

ಬಾಗಿಲಲ್ಲಿ ಮೇಜು ಹಾಕಿ, ಸದಸ್ಯತ್ವದ ಪಟ್ಟಿಯೊಂದಿಗೆ ಗುರುತಿನ ಚೀಟಿ ತಾಳೆ ನೋಡಿ ಸಹಿ ಪಡೆದರು. ಒಂಬತ್ತೂಕಾಲಿಗೆ 240. ಸಭೆ ಆರಂಭಿಸಿ ಎಂಬ ಒತ್ತಾಯ ಶುರುವಾಯಿತು. ಒಂಬತ್ತೂವರೆಗೆ ತುಸು ಮೊದಲು ಒಂದು ಟ್ರ್ಯಾಕ್ಟರು, ಎರಡು ಟಂಟಂ ತುಂಬ ಜನ ಬಂದರು. ಎಣಿಕೆ 301ಕ್ಕೆ ನಿಂತಿತು. ಇಡೀ ವಿಷಯವನ್ನು ಅಧ್ಯಕ್ಷರೇ ಎದ್ದು ನಿಂತು ಓದಿದರು. ಕಾರ್ಯದರ್ಶಿ ಓದಿದ್ದರೆ ಅದು ಆಪಾದನೆಯಂತೆ ಕೇಳಿಸುತ್ತಿತ್ತು. ನಿರ್ದೇಶಕರಿಗೂ ಸಂಬಂಧಿಕರಿಗೂ ಎರಡು ಲಕ್ಷ ರೂಪಾಯಿ ಮಿತಿ, ಭದ್ರತೆ ಕಡ್ಡಾಯ, ಪ್ರತಿ ಪ್ರಕರಣಕ್ಕೂ ಮಹಾಸಭೆಯ ಪೂರ್ವ ಒಪ್ಪಿಗೆ ಎಂದು ಠರಾವಾಯಿತು.

ತೂಗಿ ನೋಡಿದರೆ

ರಾಜೀನಾಮೆ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತಲ್ಲ ಎಂದು ವೃತ್ತಿಯ ಕೆಲವರು ಹೇಳುತ್ತಾರೆ. ಕೊಟ್ಟಿದ್ದರೆ ಆಕೆಯ ಹೆಸರು ಶುದ್ಧವಾಗಿ ಉಳಿಯುತ್ತಿತ್ತು, ಪುಸ್ತಕದ ಖಾಲಿ ಜಾಗಗಳೂ ಉಳಿಯುತ್ತಿದ್ದವು. ನೇರವಾಗಿ ಬೆಂಗಳೂರಿನ ಕೋರಮಂಗಲದಲ್ಲಿರುವ ಕಂಪನಿ ರಿಜಿಸ್ಟ್ರಾರ್ ಕಚೇರಿಗೆ ಬರೆಯಬೇಕಿತ್ತು ಎಂಬುದು ಇನ್ನೊಂದು ವಾದ. ಮಂಡಳಿ ಟಿಪ್ಪಣಿಯನ್ನು ಕಸದ ಬುಟ್ಟಿಗೆ ಎಸೆದಿದ್ದರೆ ಹೌದು. ಸರಿಪಡಿಸುವ ಅವಕಾಶವನ್ನು ಮಂಡಳಿಗೆ ಮೊದಲು ಕೊಡುವುದು ಸರಿಯಾದ ಕ್ರಮ. ಕಾಯ್ದೆ ಕಾರ್ಯದರ್ಶಿಗೆ ವರದಿ ಮಾಡು ಎಂದಿರುವುದೂ ಮಂಡಳಿಗೇ.

ಆದರೆ ಒಂದು ಕಡೆ ಆಕೆಯ ನಡೆ ನನಗೆ ಒಪ್ಪಿಗೆಯಾಗಲಿಲ್ಲ. ಉತ್ಪಾದಕರ ಕಂಪನಿಗೆ ಕಲಂ 378ಝಡ್‌ಎಫ್ ಪ್ರಕಾರ ಆಂತರಿಕ ಲೆಕ್ಕಪರಿಶೋಧನೆ ಕಡ್ಡಾಯ. ಪರಿಶೋಧಕರ ಪ್ರಶ್ನೆ ಬಂದ ದಿನವೇ ಅವರಿಗೆ 'ಠರಾವು ಇಲ್ಲ, ಮಂಡಳಿಯ ಮುಂದೆ ಇಡಲಾಗುತ್ತಿದೆ' ಎಂದು ಒಂದು ಸಾಲು ಬರೆದುಕೊಡಬೇಕಿತ್ತು. ಸಭೆ ಮುಗಿಯುವವರೆಗೆ ಆಕೆ ಸುಮ್ಮನಿದ್ದರು. ಮಂಡಳಿ ತಿರುಗಿಬಿದ್ದಿದ್ದರೆ ಆಕೆಯ ಪರವಾಗಿ ಒಂದು ಕಾಗದವೂ ಹೊರಗೆ ಇರುತ್ತಿರಲಿಲ್ಲ. ನೇಮಿಸುವುದೂ ತೆಗೆಯುವುದೂ ಮಂಡಳಿಯ ಕೈಯಲ್ಲಿರುವ ಹುದ್ದೆಯಲ್ಲಿ ಕುಳಿತವರು ತಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ಜಿಲ್ಲೆಯಲ್ಲಿ ಇಂಥ ಕೆಲಸ ಎರಡನೆಯದು ಸಿಗುವುದು ಸುಲಭವಲ್ಲ.

ಅಧ್ಯಕ್ಷರು ಹುದ್ದೆಯಲ್ಲಿ ಮುಂದುವರಿದಿದ್ದಾರೆ. ಕಂಪನಿಯಿಂದ ಪಡೆದ ಸಾಲ ತೀರಿಸದ ನಿರ್ದೇಶಕನ ಸ್ಥಾನ ತಾನಾಗಿ ತೆರವಾಗುತ್ತದೆ ಎನ್ನುವ ಕಲಂ 378ಕ್ಯೂ ಇಲ್ಲಿ ತಾಗಲಿಲ್ಲ, ಏಕೆಂದರೆ ಸಾಲ ಅವರ ಹೆಸರಿನಲ್ಲಿ ಇರಲಿಲ್ಲ. ಕೆಲವು ಸದಸ್ಯರಿಗೆ ಇದು ಸಮಾಧಾನ ತಂದಿಲ್ಲ. ಮುಂದಿನ ಚುನಾವಣೆಯಲ್ಲಿ ಅವರು ನೋಡಿಕೊಳ್ಳಬೇಕು. ತಮ್ಮನಿಂದ ಎರಡನೆಯ ಕಂತು 10 ಲಕ್ಷ ಜುಲೈನಲ್ಲಿ ಬಂತು. ಉಳಿದ 11 ಲಕ್ಷ ಮತ್ತು ಬಡ್ಡಿಯ ಬಗ್ಗೆ ತಕರಾರು ಎದ್ದಿದೆ. ಸದಸ್ಯರಿಗೂ ಕಂಪನಿಗೂ ನಡುವಿನ ಇಂಥ ವ್ಯಾಜ್ಯವನ್ನು ಸಂಧಾನ ಅಥವಾ ಮಧ್ಯಸ್ಥಿಕೆಯಿಂದ ಬಗೆಹರಿಸಬೇಕೆಂದು ಕಲಂ 378ಝಡ್‌ಒ ಹೇಳುತ್ತದೆ. ಸಂಧಾನಕಾರರ ಎದುರು ಎರಡು ಬೈಠಕ್‌ಗಳಾಗಿವೆ. ಹೊಸ ತೊಗರಿ ಗಂಜಿಗೆ ಬಂದೊಡನೆ ತೀರಿಸುತ್ತೇನೆ ಎಂಬ ಮಾತನ್ನು ಈ ಬಾರಿ ಬರವಣಿಗೆಯಲ್ಲಿ ಪಡೆಯಲಾಗಿದೆ, ಮಿಲ್ಲಿನ ದಾಸ್ತಾನನ್ನು ಭದ್ರತೆಯಾಗಿ ತೋರಿಸಿ.